ಬಂಪರಿನ ಮೇಲೊಂದು ಗೀರು



ಹೊಸ ಕಾರು ಮನೆಗೆ ಬಂದ ದಿನ ನಾವು ಏನೇನು ಮಾಡುತ್ತೇವೆ, ನೆನಪು ಮಾಡಿಕೊಳ್ಳಿ. ಅರಿಶಿನ ಕುಂಕುಮ ಹಚ್ಚುತ್ತೇವೆ. ಚೆಂಡುಹೂವಿನ ಹಾರ ಹಾಕುತ್ತೇವೆ. ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹರಿಸುತ್ತೇವೆ. ಯಾರ ಕಣ್ಣೂ ತಾಗದಿರಲಿ ಎಂದು ಕಾಯಿ ನೀವಾಳಿಸಿ ಒಡೆಯುತ್ತೇವೆ. ಇಷ್ಟೆಲ್ಲ ಆದ ಮೇಲೂ ಒಂದು ಬೆಳಗ್ಗೆ ಬಂಪರಿನ ಮೂಲೆಯಲ್ಲಿ ಬೆರಳುದ್ದದ ಒಂದು ಗೀರು ಕಾಣಿಸಿಕೊಳ್ಳುತ್ತದೆ. ಆ ಕ್ಷಣದಲ್ಲಿ ಎದೆಯೊಳಗೆ ಆಗುವ ಸಂಕಟವನ್ನು ಕಾರು ಕೊಂಡವರೆಲ್ಲ ಬಲ್ಲರು. ಕಾರು ಓಡುತ್ತದೆ, ಬ್ರೇಕು ಹಿಡಿಯುತ್ತದೆ, ದೀಪ ಉರಿಯುತ್ತದೆ. ಆದರೂ ಏನೋ ಕಳೆದುಹೋದಂತೆ ಮನಸ್ಸು ಒದ್ದಾಡುತ್ತದೆ.

ಆ ಗೀರನ್ನು ಏನು ಮಾಡಬೇಕು ಎಂಬುದೇ ಇಂದಿನ ವಿಷಯ. ಪರದೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ವಿಜ್ಞಾನ ಓದಿದವಳು. ಆದರೆ ಈ ಪಾಠವನ್ನು ಕಲಿತದ್ದು ತರಗತಿಯಲ್ಲಿ ಅಲ್ಲ, ನಮ್ಮೂರು ಹರಿಯಬ್ಬೆಯ ಮನೆಯಂಗಳದಲ್ಲಿ. ಕಲಿಯುವ ಮೊದಲು ಒಂದು ತಪ್ಪನ್ನೂ ಮಾಡಿದೆ. ಅದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಮಾತು ಅರ್ಧವಾಗುತ್ತದೆ.

ಹರಿಯಬ್ಬೆ ಇರುವುದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ, ಧರ್ಮಪುರದ ಕಡೆ. ಬಯಲು ಸೀಮೆ. ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಇಡೀ ತಾಲ್ಲೂಕು ಜಾತ್ರೆಗೆ ಹೋದಂತೆ ನೋಡಲು ಹೋಯಿತು ಎಂದರೆ, ಮಳೆ ನಮಗೆ ಎಂಥ ಅಪರೂಪದ ನೆಂಟ ಎಂದು ನೀವೇ ಊಹಿಸಬಹುದು. ಬೆಂಗಳೂರಿನಿಂದ ತುಮಕೂರು, ಶಿರಾ ದಾಟಿ ಹಿರಿಯೂರಿನವರೆಗೆ ಹೆದ್ದಾರಿ. ಅಲ್ಲಿಂದ ಮುಂದಕ್ಕೆ ಎರಡೂ ಬದಿಯಲ್ಲಿ ಜಾಲಿ, ಧೂಳು, ಎದುರಿಗೆ ಬರುವ ಟ್ರ್ಯಾಕ್ಟರು. ಒಂದು ಆಯುಧಪೂಜೆಗೆ, ಕೊಂಡು ಒಂಬತ್ತೇ ದಿನವಾಗಿದ್ದ ಗಾಢ ನೀಲಿ ಬಣ್ಣದ ಕಾರನ್ನು ಅವ್ವನಿಗೆ ತೋರಿಸಬೇಕೆಂದು ಈ ದಾರಿಯಲ್ಲಿ ಊರಿಗೆ ತಂದೆ. ಜಾಲಿಯ ಮುಳ್ಳಿನಿಂದ ದೂರವಿರಲಿ ಎಂದು ಹಲವು ಕಡೆ ರಸ್ತೆಯ ನಡುವೆಯೇ ಓಡಿಸಿದೆ. ಮನೆಯ ಮುಂದೆ ನಿಲ್ಲಿಸಿ ಇಳಿದವಳೇ ಸುತ್ತ ನೆರೆದ ಮಕ್ಕಳಿಗೆ, "ಯಾರೂ ಮುಟ್ಟಬಾರದು, ಕೇಳಿಸ್ತಾ?" ಎಂದು ಗದರಿದೆ. ಅಣ್ಣನ ಮಗ ಆಗ ಎಂಟನೆಯ ತರಗತಿ. ಅವನೂ ಆ ಗುಂಪಿನಲ್ಲಿದ್ದ.

ಮರುದಿನ ಪೂಜೆ. ನೇಗಿಲು, ಕುಡುಗೋಲು, ಪಂಪ್‌ಸೆಟ್ಟು, ಅತ್ತಿಗೆಯ ಹೊಲಿಗೆ ಯಂತ್ರ, ಹುಡುಗನ ಸೈಕಲ್ಲು, ನನ್ನ ಕಾರು ಎಲ್ಲಕ್ಕೂ ಆವತ್ತು ಹಬ್ಬ. ಕಾರಿನ ಪಕ್ಕದಲ್ಲೇ ತನ್ನ ಸೈಕಲ್ಲಿಗೂ ಪೂಜೆಯಾಗಲಿ ಎಂದು ಹುಡುಗನ ಆಸೆ. ಹಾರ ಕಟ್ಟಲು ಎರಡೂ ಕೈ ಬೇಕಾದ್ದರಿಂದ ಸೈಕಲ್ಲನ್ನು ಬಂಪರಿಗೆ ಒರಗಿಸಿದ್ದಾನೆ. ಅದು ಜಾರಿದೆ. ಬ್ರೇಕಿನ ಹಿಡಿ ನಾಲ್ಕು ಇಂಚು ಉದ್ದಕ್ಕೆ ಗೀಚಿಕೊಂಡು ಹೋಗಿ ಕೊನೆಗೆ ಒಂದು ಕಡೆ ಕುಕ್ಕಿದೆ.

ಇಷ್ಟೇ ಆಗಿದ್ದರೆ ಆಗಿದ್ದು ಸಣ್ಣದು. ಆದರೆ ಹುಡುಗ ಹೆದರಿದ. ಅಡುಗೆಮನೆಯ ಹಿಂದೆ ಪಾತ್ರೆ ತಿಕ್ಕುವ ಜಾಗದಿಂದ ಬೂದಿಯನ್ನೂ ತೆಂಗಿನ ನಾರನ್ನೂ ತಂದು, ತಾಮ್ರದ ಚೊಂಬು ಹೊಳೆಯುವಂತೆ ಇದೂ ಹೊಳೆಯುತ್ತದೆ ಎಂದುಕೊಂಡು, ತನ್ನ ಶಕ್ತಿಯನ್ನೆಲ್ಲ ಹಾಕಿ ಉಜ್ಜಿದ. ಒಂದು ಗೆರೆ ಇದ್ದದ್ದು ಎರಡು ಅಂಗೈ ಅಗಲದ ಮಬ್ಬು ಬಿಳಿಯ ಮಚ್ಚೆಯಾಯಿತು.

ನಾನು ಹೊರಗೆ ಬಂದು ನೋಡಿ ಬೀದಿಗೆಲ್ಲ ಕೇಳಿಸುವಂತೆ, "ಯಾರು ಮಾಡಿದ್ದು ಇದನ್ನ?" ಎಂದು ಕೂಗಿದೆ. ಪಕ್ಕದ ಮನೆಯ ಅಜ್ಜಿ, "ಹೋಗ್ಲಿ ಬಿಡವ್ವ, ದೃಷ್ಟಿ ಕಳೀತು ಅನ್ಕ" ಎಂದು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಹೋಳಿಗೆ ಊಟಕ್ಕೆ ಎಲೆ ಹಾಕಿದಾಗ ಹುಡುಗ ಇರಲಿಲ್ಲ. ಸಂಜೆಯಾದರೂ ಬರಲಿಲ್ಲ. ನಾನು ಇನ್ನೂ ಮೊಬೈಲಿನಲ್ಲಿ ಬಂಪರಿನ ಚಿತ್ರ ತೆಗೆಯುತ್ತಿದ್ದೆ. ಅವ್ವ ಜಗಲಿಯಿಂದ ಎದ್ದು ಬಂದು, "ಬಣ್ಣ ನಾಳೆ ಹಚ್ಚಬೋದು ಕಣೆ. ಮೊದ್ಲು ಹುಡುಗನ್ನ ಹುಡುಕು ನಡಿ" ಎಂದಳು. ಅಣ್ಣ ಒಂದು ಕಡೆ, ನಾನು ಒಂದು ಕಡೆ ಟಾರ್ಚ್ ಹಿಡಿದು ಹೊರಟೆವು. ಹೊಲದ ಅಂಚಿನಲ್ಲಿ ಕಿತ್ತು ಒಟ್ಟಿದ್ದ ಕಡ್ಲೆಕಾಯಿ ಗಿಡದ ಗುಡ್ಡೆಯ ಮರೆಯಲ್ಲಿ ಹುಡುಗ ಸಿಕ್ಕಿದ. ಬೆಳಗಿನಿಂದ ಊಟವಿಲ್ಲ. ಬೆರಳ ತುದಿಗಳಲ್ಲಿ ಬೂದಿ ಹಾಗೇ ಇತ್ತು. "ನೀನು ಬೈತೀಯ ಅಂತ ಹೋಗ್ಸಕ್ಕೆ ನೋಡ್ದೆ ಅತ್ತೆ, ಇನ್ನೂ ದೊಡ್ಡದಾಗೋಯ್ತು" ಎಂದ. ಆ ಕತ್ತಲಲ್ಲಿ ಹಾವೋ ಚೇಳೋ ಕಚ್ಚಿದ್ದರೆ ನಾನು ಯಾರಿಗೆ ಏನು ಉತ್ತರ ಹೇಳುತ್ತಿದ್ದೆ?

ಓದುಗರೆ, ಆವತ್ತು ರಾತ್ರಿ ನನಗೆ ಅನಿಸಿದ್ದು ಇದು. ಹುಡುಗ ಮಾಡಿದ ತಪ್ಪು ಮತ್ತು ನಾನು ಮಾಡಿದ ತಪ್ಪು ಒಂದೇ. ಗೀರಿನ ಆಳ ಎಷ್ಟು ಎಂದು ನೋಡುವ ಮೊದಲೇ ಇಬ್ಬರೂ ಕೈ ಹಾಕಿದೆವು. ಅವನು ಬಂಪರಿಗೆ, ನಾನು ಅವನಿಗೆ. ಹೀಗಾಗಿ ಮೊದಲ ಪಾಠ: ಗೀರು ಕಂಡ ಕೂಡಲೇ ಏನನ್ನೂ ಮಾಡಬೇಡಿ. ಬಂಪರಿನ ಗೀರು ಒಂದು ವಾರ ಕಾದರೂ ಬೆಳೆಯುವುದಿಲ್ಲ. ಯಾಕೆ ಬೆಳೆಯುವುದಿಲ್ಲ ಎಂಬುದನ್ನು ತಿಳಿಯಲು ಬಂಪರು ಯಾವುದರಿಂದ ಆಗಿದೆ ಎಂದು ನೋಡೋಣ.

ಅಂಬಾಸಿಡರ್ ಕಾರಿನ ಬಂಪರು ನಿಮಗೆ ನೆನಪಿರಬಹುದು. ಉಕ್ಕಿನ ಪಟ್ಟಿಯ ಮೇಲೆ ಕ್ರೋಮಿಯಂ ಲೇಪ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಆ ಲೇಪ ಕಿತ್ತರೆ ಕೆಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತಿತ್ತು. ಇಂದಿನ ಕಾರುಗಳ ಬಂಪರು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ನಾವು ಬಳಸುವ ಬಕೆಟ್ಟು, ಡಬ್ಬಿ, ಕುರ್ಚಿಗಳಲ್ಲೂ ಇರುವ ವಸ್ತುವೇ. ಬಾಗಿ ಮತ್ತೆ ಮೊದಲಿನಂತಾಗಲಿ ಎಂದು ಅದಕ್ಕೆ ರಬ್ಬರಿನಂಥ ಅಂಶವನ್ನೂ, ಗಡಸುತನಕ್ಕೆ ಟಾಲ್ಕ್ ಪುಡಿಯನ್ನೂ ಬೆರೆಸಿರುತ್ತಾರೆ. ಪ್ಲಾಸ್ಟಿಕ್ಕಿಗೆ ತುಕ್ಕು ಇಲ್ಲ. ಆದ್ದರಿಂದ ಬಂಪರಿನ ಗೀರು ನೋಟದ ತೊಂದರೆಯೇ ಹೊರತು ಕಾರಿನ ಆಯುಷ್ಯದ ತೊಂದರೆಯಲ್ಲ. ಬಾಗಿಲಿಗೋ ಮಡ್‌ಗಾರ್ಡಿಗೋ ಗೀರು ಬಿದ್ದು ಕಬ್ಬಿಣ ಕಂಡರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಮಳೆಗಾಲಕ್ಕೆ ಮೊದಲೇ ಬಣ್ಣ ಮುಚ್ಚಬೇಕು.

ಪಾಲಿಪ್ರೊಪಿಲೀನಿಗೆ ಇನ್ನೊಂದು ಗುಣವಿದೆ. ಅದಕ್ಕೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ಅದಕ್ಕಾಗಿ ಕಾರ್ಖಾನೆಯಲ್ಲಿ ಬಂಪರಿನ ಮೈಗೆ ಬೆಂಕಿಯ ಜ್ವಾಲೆಯನ್ನು ಕ್ಷಣಕಾಲ ಸೋಕಿಸುವುದೋ, ಅಂಟು ಹಿಡಿಸುವ ವಿಶೇಷ ಪ್ರೈಮರ್ ಬಳಿಯುವುದೋ ಮಾಡುತ್ತಾರೆ. ಅದರ ಮೇಲೆ ಬಣ್ಣದ ಪದರ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್‌ಕೋಟ್. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತೇವೆ. ಬಣ್ಣದ ಪದರ ಸುಮಾರು 15ರಿಂದ 20 ಮೈಕ್ರಾನ್, ಕ್ಲಿಯರ್‌ಕೋಟ್ ಸುಮಾರು 35ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಲಕ್ಷಗಟ್ಟಲೆ ಕೊಟ್ಟು ತಂದ ಆ ಹೊಳಪೆಲ್ಲ ಒಂದು ತಲೆಗೂದಲಿಗಿಂತ ತೆಳ್ಳಗಿನ ಪದರದಲ್ಲಿದೆ.

ಇನ್ನು ಗೀರು ಬೆಳ್ಳಗೆ ಕಾಣುವುದೇಕೆ? ಕಾರು ನೀಲಿ, ಒಳಗಿನ ಪ್ಲಾಸ್ಟಿಕ್ಕು ಕಪ್ಪು ಅಥವಾ ಬೂದು. ಬಿಳಿ ಎಲ್ಲಿಂದ ಬಂತು? ಉತ್ತರ ಬೆಳಕಿನಲ್ಲಿದೆ. ನಯವಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ. ಗೀಚಿದ ಜಾಗದ ಒರಟು ಅಂಚುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಚೆದುರಿದ ಬೆಳಕು ಕಣ್ಣಿಗೆ ಬಿಳಿ. ಸಕ್ಕರೆಯ ಹರಳು ಪಾರದರ್ಶಕವಾಗಿದ್ದರೂ ಸಕ್ಕರೆಪುಡಿ ಬೆಳ್ಳಗಿರುತ್ತದಲ್ಲ, ಹಾಗೆ. ನಮ್ಮ ಬಂಪರಿನ ಮೇಲೆ ಬೂದಿ ಮಾಡಿದ ಮಬ್ಬು ಇದೇ. ಸಾವಿರಾರು ಸಣ್ಣ ಗೀರುಗಳು ಸೇರಿ ಬೆಳಕನ್ನು ಚೆದುರಿಸುತ್ತಿದ್ದವು. ಬಣ್ಣ ಹೋಗಿರಲಿಲ್ಲ.

ಇದರಿಂದ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳು ದೊರೆಯುತ್ತವೆ.

ಮೊದಲನೆಯದು ನೀರಿನ ಪರೀಕ್ಷೆ. ಆ ಜಾಗವನ್ನು ಚೆನ್ನಾಗಿ ತೊಳೆದು, ಮೇಲೆ ನೀರು ಚಿಮುಕಿಸಿ ನೋಡಿ. ಗೀರು ಮಾಯವಾಯಿತೆ? ಹಾಗಾದರೆ ಅದು ಕ್ಲಿಯರ್‌ಕೋಟಿನಲ್ಲಷ್ಟೇ ಇದೆ. ನೀರು ಆ ಸಂದುಗಳನ್ನು ತುಂಬುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರು ಗಾಳಿಗಿಂತ ಕ್ಲಿಯರ್‌ಕೋಟಿಗೆ ಹತ್ತಿರ. ನೀರಿನ ವಕ್ರೀಭವನಾಂಕ 1.33, ಕ್ಲಿಯರ್‌ಕೋಟಿನದು ಸುಮಾರು 1.5. ಎಣ್ಣೆ ಇನ್ನೂ ಹತ್ತಿರ, ತೆಂಗಿನೆಣ್ಣೆಯದು ಸುಮಾರು 1.45. ಹಳೆಯ ಕಾರು ಮಾರುವವರು ಕೆಲವರು ಎಣ್ಣೆ ಸವರಿ ನಿಲ್ಲಿಸುವ ಗುಟ್ಟು ಇದರಲ್ಲಿದೆ. ಒಮ್ಮೆ ತೊಳೆದರೆ ಗೀರು ಮತ್ತೆ ಪ್ರತ್ಯಕ್ಷ. ಹಳೆಯ ಕಾರು ಕೊಳ್ಳಲು ಹೋದಾಗ ಸೋಪುನೀರಿನಲ್ಲಿ ಒರೆಸಿ ನೋಡಿ.

ಎರಡನೆಯದು ಉಗುರಿನ ಪರೀಕ್ಷೆ. ಗೀರಿಗೆ ಅಡ್ಡಲಾಗಿ ಉಗುರನ್ನು ಹಗುರವಾಗಿ ಎಳೆಯಿರಿ. ಉಗುರು ಜಾರಿಕೊಂಡು ಹೋದರೆ ಗೀರು ಮೇಲ್ಮಟ್ಟದ್ದು, ಪಾಲಿಶಿನಲ್ಲಿ ಹೋಗುತ್ತದೆ. ಉಗುರು ತಡೆದು ನಿಂತರೆ ಆಳವಾಗಿರುವ ಸಾಧ್ಯತೆ ಹೆಚ್ಚು. ಕಪ್ಪು ಅಥವಾ ಬೂದು ಪ್ಲಾಸ್ಟಿಕ್ಕು ಕಂಡರಂತೂ ಪಾಲಿಶಿನಿಂದ ಪ್ರಯೋಜನವಿಲ್ಲ, ಬಣ್ಣವೇ ಬೇಕು.

ಮೂರನೆಯ ಸಾಧ್ಯತೆಯೊಂದಿದೆ. ನೀವು ಗೀರು ಎಂದುಕೊಂಡದ್ದು ಗೀರೇ ಅಲ್ಲದಿರಬಹುದು. ಗೋಡೆಯ ಸುಣ್ಣ, ಕಂಬದ ಹಳದಿ ಬಣ್ಣ, ಇನ್ನೊಂದು ಗಾಡಿಯ ಬಣ್ಣ ನಿಮ್ಮ ಬಂಪರಿಗೆ ಅಂಟಿಕೊಂಡಿರಬಹುದು. ಆ ಗೆರೆ ಬಂಪರಿನ ಮಟ್ಟಕ್ಕಿಂತ ಉಬ್ಬಿದೆಯೇ ಎಂದು ಬೆರಳಿನಿಂದ ನೋಡಿ. ಉಬ್ಬಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೆತ್ತನೆಯ ಬಟ್ಟೆಗೆ ಹಾಕಿ ಹಗುರವಾಗಿ ಒರೆಸಿ. ಮೊದಲು ಬಂಪರಿನ ಕೆಳ ಅಂಚಿನಲ್ಲಿ, ಕಾಣದ ಕಡೆ ಒರೆಸಿ ಪರೀಕ್ಷಿಸುವುದು ಜಾಣತನ. ತಿನ್ನರ್ ಮಾತ್ರ ಬೇಡ. ಅದು ಅಂಟಿದ ಬಣ್ಣದ ಜೊತೆಗೆ ನಿಮ್ಮ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ.

ಈಗ ನಮ್ಮ ಕಥೆಗೆ ಬರೋಣ. ಹಬ್ಬ ಮುಗಿದ ಮೇಲೆ ಮೊಬೈಲಿನ ಚಿತ್ರಗಳನ್ನು ಬೆಂಗಳೂರಿನ ಒಂದು ದುರಸ್ತಿ ಕೇಂದ್ರಕ್ಕೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಬಂಪರ್ ಪೂರ್ತಿ ಪೇಂಟ್ ಮಾಡ್ಬೇಕು ಮೇಡಂ, ಆರು ಸಾವಿರ ಆಗುತ್ತೆ. ಇನ್ಶೂರೆನ್ಸ್‌ನಲ್ಲಿ ಹಾಕ್ಬಿಡಿ, ನಿಮಗೇನೂ ಖರ್ಚಿಲ್ಲ." ಕೇಳಲು ಹಿತವಾದ ಮಾತು. ಆದರೆ ಲೆಕ್ಕ ಹಾಕಿ ನೋಡಿ.

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪೇಂಟಿಂಗ್ ಬಿಲ್ಲು ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುವ ಪದ್ಧತಿಯಿದೆ. 6,000ಕ್ಕೆ ಕಾಲು ಭಾಗ 1,500, ಅದರ ಅರ್ಧ 750. ಉಳಿದದ್ದು 5,250. ಜೊತೆಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಒಂದಿಷ್ಟು ಹಣ ಮಾಲೀಕರದೇ. 1500 ಸಿಸಿವರೆಗಿನ ಕಾರಿಗೆ ಅದು ಸಾಮಾನ್ಯವಾಗಿ 1,000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000. ಸಣ್ಣ ಕಾರು ಎಂದುಕೊಂಡರೆ ನಿಮ್ಮ ಕೈಗೆ ದಕ್ಕುವುದು 4,250.

ಇನ್ನು ಕಳೆದುಕೊಳ್ಳುವುದೆಷ್ಟು? ವರ್ಷವಿಡೀ ಕ್ಲೇಮ್ ಮಾಡದವರಿಗೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಇದೆ. ಸ್ವಂತ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ ಭಾಗದಲ್ಲಿ ಮೊದಲ ವರ್ಷದ ನಂತರ ನೂರಕ್ಕೆ 20, ಆಮೇಲೆ 25, 35, 45, ಕೊನೆಗೆ 50 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಕ್ಲೇಮ್ ಮಾಡಿದಿರೋ, ಮತ್ತೆ ಸೊನ್ನೆಯಿಂದ ಶುರು. ಮೊದಲ ವರ್ಷವೇ ಕ್ಲೇಮ್ ಮಾಡಿದವರು ಮುಂದಿನ ಐದು ನವೀಕರಣಗಳಲ್ಲಿ 20, 25, 35, 45, 50ರ ಬದಲು ಸೊನ್ನೆ, 20, 25, 35, 45 ಪಡೆಯುತ್ತಾರೆ. ವ್ಯತ್ಯಾಸಗಳನ್ನು ಕೂಡಿಸಿ: 20, 5, 10, 10, 5. ಒಟ್ಟು ನೂರಕ್ಕೆ 50. ಆ ಪ್ರೀಮಿಯಂ ವರ್ಷಕ್ಕೆ 10,000 ಎಂದಿಟ್ಟುಕೊಂಡರೆ ಐದು ವರ್ಷದಲ್ಲಿ ಹೋಗುವುದು 5,000. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ತುಸು ಇಳಿಯುವುದರಿಂದ ಈ ಮೊತ್ತವೂ ತುಸು ಕಡಿಮೆಯಾಗಬಹುದು. ಹಾಗಿದ್ದರೂ 4,250 ಪಡೆಯಲು ಸುಮಾರು ಅಷ್ಟನ್ನೇ ಬಿಟ್ಟುಕೊಟ್ಟಂತಾಯಿತು. ಸವಕಳಿ ಕಳೆಯದ ಪಾಲಿಸಿ, ಬೋನಸ್ ಉಳಿಸಿಕೊಡುವ ಹೆಚ್ಚುವರಿ ಸೌಲಭ್ಯ ಇದ್ದವರ ಲೆಕ್ಕ ಬೇರೆಯಾಗುತ್ತದೆ. ನಿಮ್ಮ ಪಾಲಿಸಿ ಕಾಗದವನ್ನು ತೆಗೆದು ಓದಿ, ಒಂದು ಹಾಳೆಯ ಮೇಲೆ ಈ ಕೂಡು-ಕಳೆ ಮಾಡಿ, ಆಮೇಲೆ ನಿರ್ಧರಿಸಿ. ವಿಮೆ ಇರುವುದು ದೊಡ್ಡ ಪೆಟ್ಟಿಗೆ. ಸಣ್ಣ ಗೀರಿಗೆ ಅದನ್ನು ಖರ್ಚು ಮಾಡುವುದು ಬಿತ್ತನೆ ಬೀಜವನ್ನು ಹುರಿದು ತಿಂದಂತೆ.

ಅಣ್ಣ ಹೇಳಿದ, "ಹಿರಿಯೂರಲ್ಲಿ ನನಗೆ ಗೊತ್ತಿರೋ ಪೇಂಟರ್ ಒಬ್ರು ಅವ್ರೆ, ತೋರ್ಸಿ ನೋಡಾನ." ಹುಡುಗನನ್ನೂ ಕೂರಿಸಿಕೊಂಡು ಹೋದೆವು. ಬರಲೊಲ್ಲೆ ಎಂದವನನ್ನು ನಾನೇ ಮುಂದಿನ ಸೀಟಿನಲ್ಲಿ ಕೂರಿಸಿದೆ. ಪೇಂಟರ್ ವಯಸ್ಸಾದವರು. ಮೊದಲು ನೀರು ಎರಚಿದರು. ಮಬ್ಬು ಮಾಯವಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಉಗುರು ಎಳೆದರು. "ನಿಲ್ತಾ ಇಲ್ಲಮ್ಮ. ಈ ಚುಕ್ಕಿ ಒಂದು ಬಿಟ್ರೆ ಬಣ್ಣಕ್ಕೆ ಏನೂ ಆಗಿಲ್ಲ" ಎಂದರು. ಬ್ರೇಕಿನ ಹಿಡಿ ಕುಕ್ಕಿದ ಕಡೆ ಅಕ್ಕಿ ಕಾಳಿನಷ್ಟು ಜಾಗದಲ್ಲಿ ಮಾತ್ರ ಕಪ್ಪು ಕಾಣುತ್ತಿತ್ತು. ನಂತರ ಹುಡುಗನ ಕಡೆ ತಿರುಗಿ, "ಬಾ ಇಲ್ಲಿ, ತಿಕ್ಕಿದ್ದು ನೀನೇ ತಾನೆ? ಹೆಂಗೆ ತಿಕ್ಕಬೇಕು ಅಂತ ನೋಡ್ಕ" ಎಂದರು.

ಅವರು ಮಾಡಿದ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ಕಾರನ್ನು ನೆರಳಿಗೆ ತಂದರು, ಬಿಸಿಲಿಗೆ ಕಾದ ಬಂಪರಿನ ಮೇಲೆ ಕೆಲಸ ಮಾಡಬಾರದು. ಆ ಜಾಗವನ್ನು ಶಾಂಪೂ ನೀರಿನಿಂದ ಎರಡು ಸಲ ತೊಳೆದರು. ಒಂದು ಕಣ ಮರಳು ಉಳಿದರೂ ಪಾಲಿಶ್ ಮಾಡುವ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಸ್ವಲ್ಪ ರಬ್ಬಿಂಗ್ ಕಾಂಪೌಂಡನ್ನು ಒದ್ದೆ ಬಟ್ಟೆಗೆ ಹಚ್ಚಿ, ಅಂಗೈಯಗಲದ ಜಾಗದಲ್ಲಿ, ಹಗುರ ಒತ್ತಡದಲ್ಲಿ ಹಿಂದೆ ಮುಂದೆ ಆಡಿಸಿದರು. ನಾಲ್ಕು ಸಲ ಉಜ್ಜಿ ಒರೆಸಿ ನೋಡುವುದು, ಮತ್ತೆ ನಾಲ್ಕು ಸಲ. ಮಬ್ಬು ಹೋದ ಕೂಡಲೇ ನಿಲ್ಲಿಸಿದರು. ನಂತರ ಇನ್ನೂ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಅಂಚುಗಳ ಮೇಲೆ, ಉಬ್ಬು ಗೆರೆಗಳ ಮೇಲೆ ಕೈ ಆಡಿಸಲೇ ಇಲ್ಲ. ಅಲ್ಲಿ ಪದರ ತೆಳ್ಳಗಿರುತ್ತದೆ, ಬೇಗ ಸವೆದು ಬಣ್ಣ ಹೊರಬೀಳುತ್ತದೆ.

ಇಲ್ಲಿ ನೀವು ನೆನಪಿಡಬೇಕಾದ ಸಂಗತಿಯೊಂದಿದೆ. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಮೇಲ್ಮೈಯನ್ನು ಕೆಲವು ಮೈಕ್ರಾನ್ ಸವೆಸಿ, ಗೀರಿನ ತಳದ ಮಟ್ಟಕ್ಕೆ ತರುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಕ್ಲಿಯರ್‌ಕೋಟನ್ನು ಬ್ಯಾಂಕಿನಲ್ಲಿಟ್ಟ ಹಣದಂತೆ ಲೆಕ್ಕವಿಟ್ಟು ಖರ್ಚು ಮಾಡಬೇಕು. ತಿಂಗಳಿಗೊಮ್ಮೆ ಪಾಲಿಶ್ ಮಾಡಿಸುವುದು ಕಾರಿನ ಮೇಲಿನ ಪ್ರೀತಿ ಅಲ್ಲ. ಹಲ್ಲುಜ್ಜುವ ಪೇಸ್ಟಿನಿಂದ ಗೀರು ಹೋಗುತ್ತದೆ ಎಂಬ ಮಾತೂ ಇದೆ. ಪೇಸ್ಟಿನಲ್ಲಿ ಸವೆಸುವ ನಯವಾದ ಪುಡಿ ಇರುವುದು ನಿಜ, ತೀರ ಸಣ್ಣ ಗೀರು ಸ್ವಲ್ಪ ಮಾಸಲೂಬಹುದು. ಆದರೆ ಅದು ಹಲ್ಲಿಗಾಗಿ ಮಾಡಿದ್ದು. ಕಾರಿಗಾಗಿ ಮಾಡಿದ ಕಾಂಪೌಂಡಿನ ಸಣ್ಣ ಡಬ್ಬಿಯೊಂದು ಕೈಗೆಟುಕುವ ಬೆಲೆಯಲ್ಲೇ ಸಿಗುತ್ತದೆ.

ಅಕ್ಕಿ ಕಾಳಿನಷ್ಟಿದ್ದ ಚುಕ್ಕಿಗೆ ಟಚಪ್ ಬಣ್ಣ ಬೇಕಿತ್ತು. ಪ್ರತಿ ಕಾರಿಗೂ ಬಣ್ಣದ ಸಂಕೇತ ಇರುತ್ತದೆ. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಒಳಗೋ ಇರುವ ಫಲಕದಲ್ಲಿ ನೋಡಬಹುದು. "ನೀಲಿ ಬಣ್ಣ ಕೊಡಿ" ಎಂದರೆ ಸಾಲದು, ಸಂಕೇತ ಹೇಳಬೇಕು. ಪ್ಲಾಸ್ಟಿಕ್ಕು ಕಾಣುತ್ತಿದ್ದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ತಾಗಿಸಬೇಕು, ಇಲ್ಲವಾದರೆ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ. ಒಮ್ಮೆಗೇ ದಪ್ಪಗೆ ಹಚ್ಚದೆ, ಕಡ್ಡಿಯ ತುದಿಯಿಂದ ತೆಳ್ಳಗೆ ಎರಡು ಮೂರು ಸಲ, ಪ್ರತಿಸಲ ಒಣಗಲು ಬಿಟ್ಟು ಹಚ್ಚಬೇಕು.

ಗೀರು ಉದ್ದವಾಗಿ, ಆಳವಾಗಿ, ಹಲವು ಕಡೆ ಇದ್ದರೆ ಬಂಪರಿಗೆ ಪೂರ್ತಿ ಬಣ್ಣ ಹೊಡೆಸುವುದೇ ಸರಿ. ಆಗ ಮೂರು ವಿಷಯ ಕೇಳಿ. ಪ್ಲಾಸ್ಟಿಕ್ಕಿಗೆ ತಕ್ಕ ಪ್ರೈಮರ್ ಬಳಸುತ್ತೀರಾ? ಬಾಗಿದರೂ ಬಿರಿಯದ ಹಾಗೆ ಕ್ಲಿಯರ್‌ಕೋಟಿಗೆ ಬೇಕಾದ್ದನ್ನು ಸೇರಿಸುತ್ತೀರಾ? ಬಂಪರಿನೊಳಗಿನ ಸೆನ್ಸರುಗಳನ್ನು ಹೇಗೆ ಕಾಯುತ್ತೀರಿ? ಈ ಕೊನೆಯದು ಈ ಕಾಲದ ಪ್ರಶ್ನೆ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರು ಕಡ್ಡಾಯವಾಗಿದೆ. ಅವು ಕಿವಿಗೆ ಕೇಳದ ಶಬ್ದವನ್ನು ಕಳಿಸಿ ಪ್ರತಿಧ್ವನಿ ಆಲಿಸುತ್ತವೆ. ಅವುಗಳ ಮುಖಕ್ಕೆ ದಪ್ಪ ಬಣ್ಣ ಬಳಿದರೆ ಕಿವಿಗೆ ಅರಳೆ ತುರುಕಿದಂತೆ. ಕೆಲವು ಕಾರುಗಳಲ್ಲಿ ಬಂಪರಿನ ಹಿಂದೆ ರೇಡಾರ್ ಕೂಡ ಅಡಗಿರುತ್ತದೆ. ಅದರ ಎದುರಿಗೆ ಪುಟ್ಟಿ ಮೆತ್ತುವುದು, ಪದರದ ಮೇಲೆ ಪದರ ಬಣ್ಣ ಹೊಡೆಯುವುದು ಅಪಾಯ. ಇನ್ನೊಂದು ಮಾತು: ಬಂಪರಿನ ಬಣ್ಣವೂ ಬಾಗಿಲಿನ ಬಣ್ಣವೂ ಕೂದಲೆಳೆಯಷ್ಟು ಬೇರೆ ಕಂಡರೆ ಗಾಬರಿಯಾಗಬೇಡಿ. ಕಬ್ಬಿಣದ ಮೈಯನ್ನು ಹೆಚ್ಚು ಶಾಖದಲ್ಲಿ, ಪ್ಲಾಸ್ಟಿಕ್ ಬಂಪರನ್ನು ಕಡಿಮೆ ಶಾಖದಲ್ಲಿ ಒಣಗಿಸುತ್ತಾರೆ. ಮಿನುಗುವ ಬಣ್ಣಗಳಲ್ಲಿ ಹೊಸ ಕಾರಿನಲ್ಲೂ ಈ ವ್ಯತ್ಯಾಸ ಕಾಣುವುದುಂಟು.

ಗೀರು ಬೀಳದಂತೆ ಮಾಡುವ ಉಪಾಯ? ಕೆಲವರು ಬಂಪರಿನ ಮುಂದೆ ಉಕ್ಕಿನ ಗಾರ್ಡು ಹಾಕಿಸುತ್ತಿದ್ದರು. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇದರ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಕಾರಣ ಸರಳ. ಬಂಪರು ಮೆತ್ತಗಿರುವುದು ಅಡ್ಡ ಬಂದ ಮನುಷ್ಯನ ಮೊಳಕಾಲಿಗೆ ಕಡಿಮೆ ಪೆಟ್ಟಾಗಲಿ ಎಂದು, ಪೆಟ್ಟಿನ ಬಲವನ್ನು ತಾನು ನುಂಗಲಿ ಎಂದು. ಮುಂದೆ ಉಕ್ಕನ್ನು ಕಟ್ಟಿದರೆ ಆ ಉಪಕಾರವೆಲ್ಲ ಹೋಯಿತು. ಏರ್‌ಬ್ಯಾಗಿನ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಗೀರು ಬೀಳುವುದು ಬಂಪರಿನ ಕೆಲಸದ ಒಂದು ಭಾಗ.

ನಿಜವಾಗಿ ತಡೆಯಬಹುದಾದ ಗೀರುಗಳು ನಮ್ಮ ಕೈಯಿಂದಲೇ ಬೀಳುವಂಥವು. ಬೆಳಗ್ಗೆ ಎದ್ದು ಒಣಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಮನೆಮನೆಯಲ್ಲಿದೆ. ನಮ್ಮ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮಾಪಕದಲ್ಲಿ ಬೆಣಚು 7, ಸಾಧಾರಣ ಚಾಕುವಿನ ಉಕ್ಕು ಸುಮಾರು 5.5. ಚಾಕುವಿಗಿಂತ ಗಟ್ಟಿಯಾದ ಪುಡಿಯನ್ನು ಬಟ್ಟೆಯಲ್ಲಿ ಹಿಡಿದು ದಿನಾ ಉಜ್ಜಿದರೆ ಏನಾಗಬೇಕು? ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಬಟ್ಟೆ ಮುಟ್ಟಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಣಗಲು ಬಿಡದೆ ಒರೆಸಿ, ಇಲ್ಲದಿದ್ದರೆ ಸುಣ್ಣದ ಬಿಳಿ ಚುಕ್ಕಿಗಳು ಕೂರುತ್ತವೆ. ಪೂಜೆಯ ಅರಿಶಿನ ಕುಂಕುಮವನ್ನು ಮರುದಿನ ತಿಕ್ಕಿ ತೆಗೆಯದೆ ನೀರಿನಲ್ಲಿ ನೆನೆಸಿ ತೊಳೆಯಿರಿ. ಅರಿಶಿನದ ಹಳದಿ ಕಲೆ ತುಸು ಉಳಿದರೂ ಚಿಂತೆಯಿಲ್ಲ, ಬಿಸಿಲಿಗೆ ಅದು ತಾನಾಗಿ ಮಾಸುತ್ತದೆ.

ಹಿರಿಯೂರಿನ ಆ ಪೇಂಟರ್ ಅಂಗಡಿಯಲ್ಲಿ ಕೊನೆಯ ಅಂಗೈಯಗಲದ ಜಾಗವನ್ನು ಹುಡುಗನ ಕೈಯಿಂದಲೇ ಪಾಲಿಶ್ ಮಾಡಿಸಿದರು. ನಾಲ್ಕು ಸಲ ಉಜ್ಜಿ, ಒರೆಸಿ, ಬಗ್ಗಿ ನೋಡಿದ ಅವನ ಮುಖ ಅದರಲ್ಲಿ ಕಾಣಿಸಿತು. ಅವರು ತೆಗೆದುಕೊಂಡದ್ದು ಮುನ್ನೂರು ರೂಪಾಯಿ. ಚುಕ್ಕಿಗೆ ಬಣ್ಣ ತರಿಸಬೇಕು, ಎರಡು ದಿನ ಬೇಕು ಎಂದರು. ನನಗೆ ರಜೆ ಮುಗಿದಿತ್ತು. ಇನ್ನೊಮ್ಮೆ ಬರುತ್ತೇನೆ ಎಂದು ಹೊರಟೆ.

ಇನ್ನೊಮ್ಮೆ ಬಂದದ್ದು ಎಷ್ಟೋ ಸಲ. ಚುಕ್ಕಿಗೆ ಮಾತ್ರ ಬಣ್ಣ ಹಚ್ಚಿಸಲಿಲ್ಲ. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಅದು ಬೆಳೆಯುವುದೂ ಇಲ್ಲ. ಊರಿಗೆ ಹೋದಾಗ ಈಗಲೂ ಕಾರಿನ ಸುತ್ತ ಮಕ್ಕಳು ನೆರೆಯುತ್ತಾರೆ. ಮುಟ್ಟುತ್ತಾರೆ, ಬಾಗಿಲು ತೆಗೆಯುತ್ತಾರೆ, ಹಾರನ್ ಒತ್ತುತ್ತಾರೆ. ಸೈಕಲ್ ಒರಗಿಸಲು ಬಂದವರಿಗೆ ಅಣ್ಣನ ಮಗನೇ ಹೇಳುತ್ತಾನೆ, "ಅಲ್ಲಿ ಬ್ಯಾಡ ಕಣೋ, ಗೋಡೆಗೆ ಒರಗ್ಸು." ದನಿ ಎತ್ತದೆ ಹೇಳುತ್ತಾನೆ. ಮಕ್ಕಳು ಕೇಳುತ್ತಾರೆ.

ನಿಮ್ಮ ಬಂಪರಿಗೆ ಗೀರು ಬಿದ್ದ ದಿನ ಮೊದಲು ಒಂದು ಚೊಂಬು ನೀರು ತನ್ನಿ, ಆಮೇಲೆ ಉಗುರು ಎಳೆದು ನೋಡಿ. ಅದಕ್ಕೂ ಮೊದಲು, ಮಾಡಿದವರು ಮನೆಯ ಮಕ್ಕಳೇ ಆಗಿದ್ದರೆ, ಊಟ ಆಯಿತೇ ಎಂದು ಕೇಳಿ.